ಔರಾದಿನ ಒಂದನೇ ಕೌಂಟರ್

ತಪಾಸಣೆಯ ದಿನ ಔರಾದಿನಲ್ಲಿ ಬಿಸಿಲಿತ್ತು ಎಂದೇ ನಾನು ಹೇಳುತ್ತ ಬಂದಿದ್ದೇನೆ. ಆದರೆ ಬೀದರ್‌ನಿಂದ ಹೊರಟಾಗ ಕಾರಿನ ಗಾಜಿನ ಮೇಲೆ ಮಳೆಹನಿ ಇದ್ದ ನೆನಪೂ ಇದೆ. ಎರಡರಲ್ಲಿ ಒಂದನ್ನು ನಾನೇ ಸೇರಿಸಿರಬೇಕು.

ಬೀದರ್‌ನ ಸಹಕಾರಿ ಬ್ಯಾಂಕೊಂದರ ಮುಖ್ಯ ಕಚೇರಿಯಲ್ಲಿ ಶಾಖೆಗಳ ಸೂಚಕಗಳನ್ನು ಕೂಡಿಸಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಬ್ಯಾಂಕುಗಳ ಮೇಲೆ ನಿಗಾ ಇಡುವವರು ಎಲ್ಲವನ್ನೂ ಕೇಳುತ್ತಾರೆ: ವಸೂಲಿ, ಖರ್ಚು, ದೂರು, ಒಬ್ಬ ಗ್ರಾಹಕನಿಗೆ ಹಿಡಿಯುವ ಹೊತ್ತು. ಪ್ರತಿಯೊಂದಕ್ಕೂ ಬಣ್ಣವಿದೆ. ಭಾಲ್ಕಿ ಶಾಖೆ ಹಸಿರು. ಔರಾದ್ ಹೊತ್ತಿನ ಸೂಚಕದಲ್ಲಿ ಕೆಂಪು, ಅದೂ ಒಂದನೇ ಕೌಂಟರಿನಲ್ಲಿ ಹಣ ಕೊಡುವ, ಊರೆಲ್ಲ ಅಕ್ಕ ಎನ್ನುವ ಹೆಂಗಸಿನಿಂದ.

ಅಕ್ಕ ಕಮಲನಗರದ ಕಡೆಯವರೊಡನೆ ಮರಾಠಿ, ಪೇಟೆಯವರೊಡನೆ ದಖ್ಖನಿ ಉರ್ದು, ಉಳಿದವರೊಡನೆ ಕನ್ನಡ ಆಡುತ್ತಿದ್ದರು. ಹಣ ಕೊಟ್ಟ ಮೇಲೂ ಬಿಡುತ್ತಿರಲಿಲ್ಲ. “ಯವ್ವಾ, ಸೆರಗಿಗಿ ಕಟ್ಕೊ. ನಾ ನೋಡ್ತೇನಿ, ಕಟ್ಟು.” ಅಷ್ಟೂ ಹೊತ್ತನ್ನು ಕಂಪ್ಯೂಟರ್ ಎಣಿಸುತ್ತಿತ್ತು.

ಮುಂದಿನ ತಪಾಸಣೆಯಲ್ಲೂ ಕೆಂಪು ಬಂದರೆ ಅವರನ್ನು ಭಾಲ್ಕಿಗೆ ಹಾಕುವುದೆಂದು ಕಚೇರಿಯಲ್ಲಿ ಮಾತಾಯಿತು. ಔರಾದಿನ ಹತ್ತಿರ ಸಂತಪುರದ ಅವರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ನೆರೆಯವಳು ನೋಡಿಕೊಳ್ಳುವುದು ಅಕ್ಕ ಮರಳುವ ಸಂಜೆಯ ಬಸ್ಸು ಬರುವವರೆಗೆ ಮಾತ್ರ. ಭಾಲ್ಕಿಯಿಂದ ಹೊರಟರೆ ಆ ಬಸ್ಸು ಸಿಗುವುದಿಲ್ಲ.

ಸುದ್ದಿ ಹೇಗೋ ಔರಾದ್ ಮುಟ್ಟಿತು. ಶಾಖೆಯ ಬೆಂಚು ಬಿಟ್ಟು ಏಳದ ಒಬ್ಬ ಮುದುಕ ದರ್ಜಿ ಇದ್ದ. ಊರಿಗೆಲ್ಲ ಅವನೇ ಹೇಳಿದನಂತೆ: “ತಪಾಸಣಿ ಮುಗಿಯೋತನ ಅಕ್ಕನ ಜೋಡಿ ಯಾರೂ ಮಾತಾಡಬ್ಯಾಡ್ರಿ. ಚೀಟಿ ಕೊಡ್ರಿ, ರೊಕ್ಕ ತಗೋರಿ, ಓಡ್ರಿ.” ಅಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಆಕೆ ಒಪ್ಪುತ್ತಿರಲಿಲ್ಲ.

ತಪಾಸಣೆಯ ಸಾಹೇಬರೊಡನೆ ನಾನು ಒಳಗೆ ಹೋದಾಗ ಶಾಖೆ ತುಂಬಿತ್ತು, ಆದರೆ ಸದ್ದೇ ಇರಲಿಲ್ಲ.

“ಯಾಕಬೇ, ಸೊಸಿ ಹಡದಳೇನು?” ಎಂದು ಅಕ್ಕ ಕೌಂಟರಿನ ಮುಂದಿದ್ದ ಹೆಂಗಸನ್ನು ಕೇಳಿದರು.

ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಣ ಕಿತ್ತುಕೊಂಡಂತೆ ಹಿಡಿದು ಹೊರಟಳು. ಹಿಂದಿನವನೂ ಹಾಗೆಯೇ. ಅಕ್ಕ ನನ್ನತ್ತ ನೋಡಿದರು. “ಏನಾಗ್ಯಾದ್ರಿ ಇವರಿಗಿ? ನಾ ಏನರೆ ಅಂದೇನೇನ್ರಿ?” ಬೆಂಚಿನಿಂದ ದರ್ಜಿ ನನಗೆ ಕಣ್ಣು ಹೊಡೆದ. ಮಧ್ಯಾಹ್ನದ ಹೊತ್ತಿಗೆ ಅಕ್ಕನೂ ಕೇಳುವುದನ್ನು ಬಿಟ್ಟಿದ್ದರು.

ಸೂಚಕ ಹಸಿರಾಯಿತು. ವಾಪಸು ಬರುವಾಗ ಸಾಹೇಬರು ಕಾರಿನಲ್ಲಿ ಹೇಳಿದರು: “ತುಂಬಾ ಚೆನ್ನಾಗಿದೆ. ಆದರೆ ಇಷ್ಟು ಬೇಗ ಕೆಲಸ ಆಗೋ ಕಡೆ ಎರಡು ಕೌಂಟರ್ ಯಾಕೆ? ಖರ್ಚಿನ ಸೂಚಕವನ್ನೂ ನೋಡಬೇಕಲ್ಲ.”

ಜನ ಬೇಕಂತಲೇ ಸುಮ್ಮನಿದ್ದರೆಂದು ನಾನು ಹೇಳಿದೆ.

“ಹಾಗಾದ್ರೆ ಈ ಅಂಕಿ ಸುಳ್ಳಾ? ಹಾಗಂತ ಬರೀಲಾ?”

ಹಾಗೆ ಬರೆದರೆ ಇಡೀ ಶಾಖೆಯೇ ಕೆಂಪಾಗುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಹೊರಗೆ ಏನಿತ್ತೋ ನೆನಪಿಲ್ಲ. ತೊಗರಿ ಹೊಲ ಎಂದು ಬರೆಯಬಹುದು, ಬರೆಯುವುದಿಲ್ಲ.

ಒಂದನೇ ಕೌಂಟರ್ ಮುಚ್ಚಿತು. ಹೆಚ್ಚುವರಿ ಎಂದು ಅಕ್ಕನನ್ನು ಭಾಲ್ಕಿಗೇ ಕಳಿಸಿದರು. ಅಲ್ಲಿ ಅವರನ್ನು ಒಮ್ಮೆ ನೋಡಿದೆ. ಸಾಯಗಾಂವದ ಒಬ್ಬ ರೈತ ಏನೋ ಕೇಳುತ್ತಿದ್ದ. ಅಕ್ಕ ಗಡಿಯಾರ ನೋಡಿ, ಹಣ ತಳ್ಳಿ, “ಮುಂದಿನವರು ಬರ್ರಿ” ಎಂದರು. ಔರಾದಿನವರು ಯಾಕೆ ಸುಮ್ಮನಿದ್ದರೆಂದು ನಾನು ಅವರಿಗೆ ಹೇಳಿದೆ ಎಂದುಕೊಂಡಿದ್ದೇನೆ. ಆದರೆ ಅದಕ್ಕೆ ಅವರು ಏನಂದರೆಂಬುದು ನೆನಪಿಗೆ ಬರುವುದಿಲ್ಲ. ಹೇಳಿಯೇ ಇಲ್ಲವೋ ಏನೋ.

ದರ್ಜಿ ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಇದು ಖಾತ್ರಿ, ನನ್ನ ತೋಳು ಹಿಡಿದಿದ್ದ.

“ಸಾಬ್, ಈಗ ಮತ್ತ ಮಾತಾಡ್ತೇವ್ರಿ. ತಾಸುಗಟ್ಲೆ ಮಾತಾಡ್ತೇವಿ. ಅಕ್ಕನ ವಾಪಸ್ ಕಳಸ್ತಾರೇನ್ರಿ?”

“ಮಾತಾಡಿದ್ರ ಈಗ ಎರಡನೇ ಕೌಂಟರಿನಾಗ ಇರೋ ಹುಡುಗಿ ಕೆಂಪಾಗ್ತಾಳ ಚಾಚಾ. ಆಕೀನ್ನೂ ತಗೀತಾರ.”

“ಹಂಗಾದ್ರ ಮಾತಾಡ್ಬೇಕೋ ಬ್ಯಾಡೋ? ನೀವೇ ಹೇಳ್ರಿ, ನಾ ಊರಾಗ ಹೇಳ್ತೇನಿ.”

ಬೀದರ್ ಬಸ್ಸು ಬಂತು. ನಾನು ಹತ್ತಿದೆ. ಅವನು ಕಿಟಕಿಯ ಕೆಳಗೆ ಬಂದು, ಉತ್ತರಕ್ಕಾಗಿ ಮುಖ ಮೇಲೆತ್ತಿ ನಿಂತ.