ಪೋಸ್ಟಮ್ಮನ ಬ್ಯಾಟರಿ ಸೈಕಲ್

ಪೋಸ್ಟಮ್ಮ ಅಂದರೆ ಆ ಊರಿನಲ್ಲಿ ಯಾವ ಪೋಸ್ಟಮ್ಮ ಎಂದು ಯಾರೂ ಕೇಳುತ್ತಿರಲಿಲ್ಲ. ಇದ್ದವಳು ಒಬ್ಬಳೇ. ನೌಕರಿಯ ಉದ್ದಕ್ಕೂ ಅಂಚೆ ಚೀಲ ಹೇರಿದ ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿದವಳು. ಊರಾಚೆಯ ದಿಬ್ಬದ ಮೇಲಿನ ಮನೆಗಳೂ ಅವಳ ಪಾಲಿಗೇ ಬಂದಿದ್ದವು. ಆ ದಿಬ್ಬದ ಬುಡದಲ್ಲಿ ಸೈಕಲ್ಲಿನಿಂದ ಇಳಿದು, ಬೆನ್ನು ಬಾಗಿಸಿ ತಳ್ಳತೊಡಗಿದರೆ ನೆತ್ತಿ ಮುಟ್ಟುವವರೆಗೂ ತಳ್ಳುವುದೇ. ನಿವೃತ್ತಿಯಾದ ಮೇಲೆ ಸೈಕಲ್ ಗುಜರಿಗೆ ಹೋಯಿತು. ಮೊಣಕಾಲೂ ಅದರ ಹಿಂದೆಯೇ ಹೊರಟಿತ್ತು.

ಈಗ ಅದೇ ದಿಬ್ಬದ ಮೇಲೆ, ಅವಳ ಅಕ್ಕ ತನ್ನ ಮಗ ಸೊಸೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಬಾಡಿಗೆ ಗಾಡಿಯವರು ದಿಬ್ಬದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಹಾಗಾಗಿ ಭಾನುವಾರಕ್ಕೊಮ್ಮೆ ಅಳಿಯನ ಕಾರೇ ಗತಿ. ಅಳಿಯ ಒಳ್ಳೆಯವನೇ, ಪಾಪ, ಆದರೆ ಕೂತಲ್ಲಿ ಕೂರುವ ಜೀವ ಅಲ್ಲ. ಅರ್ಧ ಗಂಟೆ ಆಗುವುದರೊಳಗೆ ಕಾರಿನ ಕೀಲಿಕೈ ಬೆರಳಲ್ಲಿ ತಿರುಗಲು ಶುರು. ಅದನ್ನು ಕಂಡು ಅಕ್ಕ ಮಾತ್ರೆ, ಡಾಕ್ಟರು, ಸೊಂಟನೋವು ಎಂದು ಹೇಳಬೇಕಾದ್ದನ್ನೆಲ್ಲ ಗಡಿಬಿಡಿಯಲ್ಲಿ ಒಪ್ಪಿಸಿಬಿಡುತ್ತಿದ್ದಳು. ನಿದ್ದೆ ಎಳೆಯುತ್ತಿದ್ದರೂ ತಂಗಿ ಹೋಗುವ ತನಕ ರೆಪ್ಪೆ ಮುಚ್ಚುತ್ತಿರಲಿಲ್ಲ. ಒಂದು ಭಾನುವಾರ ಕೈ ಬಿಡದೆ, “ಇನ್ನೊಂದು ಸ್ವಲ್ಪ ಹೊತ್ತು ಇರೋಕಾಗಲ್ವೇನೇ?” ಅಂದಳು.

ಮರುದಿನವೇ ಮಗಳನ್ನು ಹೊರಡಿಸಿಕೊಂಡು ಬ್ಯಾಟರಿ ಸೈಕಲ್ ಅಂಗಡಿಗೆ ಹೋದಳು.

“ಅಮ್ಮ, ಈ ವಯಸ್ಸಲ್ಲಿ ಬಿದ್ದು ಗಿದ್ದು ಬಿಟ್ರೆ?”

“ಬಿದ್ರೆ ನಿನ್ನನ್ನೇ ಕರೀತೀನಿ, ಸುಮ್ನಿರು.”

ಅಂಗಡಿಯವನು ದಪ್ಪ ಚಕ್ರದ, ಎಮ್ಮೆಯಂಥದ್ದೊಂದನ್ನು ಮುಂದೆ ತಂದು ನಿಲ್ಲಿಸಿದ. ಪೋಸ್ಟಮ್ಮ ಹಳೇ ಚಾಳಿಯಂತೆ ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ಇನ್ನೊಂದರಲ್ಲಿ ನೆಲ ಒದ್ದು ಹತ್ತಲು ಹೋದಳು. ಪೆಡಲು ಅಲುಗಿದ್ದೇ ತಡ, ಅದು ಅವಳನ್ನು ದರದರ ಎಳೆದುಕೊಂಡು ಹೋಗಿ ಹೆಲ್ಮೆಟ್ಟುಗಳ ರಾಶಿಗೆ ನುಗ್ಗಿತು. ಅಂಗಡಿ ತುಂಬ ಹೆಲ್ಮೆಟ್ಟುಗಳು ಉರುಳಾಡಿದವು. ಮಗಳು ಚೀರಿದಳು. ಪೋಸ್ಟಮ್ಮ ಸೀರೆ ಕೊಡವಿಕೊಂಡು, “ಇದು ಬೇಡಪ್ಪ. ನನ್ನ ಮಾತು ಕೇಳೋದು ಯಾವ್ದಿದೆ, ಅದನ್ನ ತೋರಿಸು” ಅಂದಳು.

ಕೆಲವು ಸೈಕಲ್ಲುಗಳು ಪೆಡಲು ತಿರುಗಿದೊಡನೆ ಓಡುತ್ತವಂತೆ, ಕೆಲವು ಕಾಲು ಎಷ್ಟು ಒತ್ತುತ್ತದೋ ಅದಕ್ಕೆ ತಕ್ಕಷ್ಟೇ ಬಲ ಸೇರಿಸುತ್ತವಂತೆ. ಪೋಸ್ಟಮ್ಮ ಎರಡನೆಯ ಜಾತಿಯದನ್ನು ಆರಿಸಿದಳು. ಕಾಲೆತ್ತಿ ದಾಟಬೇಕಾದ ನಡುಕಂಬಿ ಇಲ್ಲದ್ದು, ಕೂತರೆ ಎರಡೂ ಪಾದ ನೆಲಕ್ಕೆ ಸಿಗುವಂಥದ್ದು. ಮೊದಲು ಕೂತು, ಆಮೇಲೆ ತುಳಿಯುವುದನ್ನು ಮನೆಯ ಮುಂದಿನ ಗಲ್ಲಿಯಲ್ಲಿ ಕಲಿತಳು. ಮಕ್ಕಳೆಲ್ಲ ಬಂದು ಚಪ್ಪಾಳೆ ತಟ್ಟಿದರು, ಅದೊಂದು ಮುಜುಗರ.

ಅಂತೂ ಒಂದು ಬುಧವಾರ ಬೆಳಿಗ್ಗೆ, ಯಾರಿಗೂ ಹೇಳದೆ ಹೊರಟಳು. ದಿಬ್ಬದ ಬುಡ ಬಂತು. ಪೋಸ್ಟಮ್ಮ ಇಳಿದಳು, ಬೆನ್ನು ಬಾಗಿಸಿದಳು, ತಳ್ಳತೊಡಗಿದಳು. ಇಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ಮೊಣಕಾಲು ಚುಚ್ಚತೊಡಗಿತು, ಏದುಸಿರು ಬಂತು, ಇದೇನು ದಂಡಕ್ಕೆ ತಂದೆನೋ ಅನ್ನಿಸಿತು. ದಾರಿ ಬದಿಯ ಕ್ಷೌರದ ಅಂಗಡಿಯವನು ಕತ್ತರಿ ಹಿಡಿದೇ ಬಾಗಿಲಿಗೆ ಬಂದ.

“ಏನ್ ಪೋಸ್ಟಮ್ಮ, ಮೋಟಾರ್ ಸೈಕಲ್ನ ನೀವು ತಳ್ತಿದ್ದೀರಾ? ಅದಕ್ಕೂ ಮೊಣಕಾಲು ನೋವಾ?”

ಪೋಸ್ಟಮ್ಮ ನಿಂತಳು. ಸೈಕಲ್ಲನ್ನು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೀಟಿನ ಮೇಲೆ ಕೂತು, ಗುಂಡಿಯೊತ್ತಿ ಬಲ ಹೆಚ್ಚಿಸಿ, ಜೀವ ಬಿಗಿಹಿಡಿದು ತುಳಿದಳು.

ಬೆನ್ನಿಗೆ ಯಾರೋ ಅಂಗೈ ಇಟ್ಟು ಮೆಲ್ಲಗೆ ದೂಡಿದ ಹಾಗಾಯಿತು. ಇನ್ನೊಮ್ಮೆ ತುಳಿದಳು. ಆ ಕೈ ಇನ್ನೂ ಅಲ್ಲೇ ಇತ್ತು. ದಿಬ್ಬ ಅವಳ ಕಾಲಡಿ ಹಿಂದಕ್ಕೆ ಸರಿಯುತ್ತಿತ್ತು, ಉಸಿರು ಉಸಿರಿನ ಪಾಡಿಗಿತ್ತು. ಬೆನ್ನು ಬಾಗಿಸುವ ಕೆಲಸವಿಲ್ಲದ್ದರಿಂದ ತಲೆ ತಾನಾಗಿ ಮೇಲೆದ್ದಿತು. ಅಷ್ಟು ವರ್ಷ ಈ ರಸ್ತೆ ಹತ್ತುವಾಗ ಅವಳು ಕಂಡದ್ದು ಮುಂದಿನ ಚಕ್ರ, ಡಾಂಬರು, ಗೇಟುಗಳ ಬುಡ, ನಾಯಿಗಳ ಕಾಲು. ಇಳಿಯುವಾಗ ಬ್ರೇಕು ಮತ್ತು ರಸ್ತೆಯ ಗುಂಡಿಗಳು. ಕಾರಿನಲ್ಲಿ ಅಳಿಯನ ಕೈಗಡಿಯಾರ. ಅಯ್ಯೋ, ಈ ಮನೆಗಳಿಗೆ ಮಹಡಿಗಳಿದ್ದವು! ಮಹಡಿಯಲ್ಲಿ ಹೂಕುಂಡಗಳಿದ್ದವು. ಎರಡೂ ಬದಿಯ ಮರಗಳು ರಸ್ತೆಯ ಮೇಲೆ ಕೊಂಬೆಗೆ ಕೊಂಬೆ ಹೆಣೆದಿದ್ದವು, ಅದರ ಸಂದಿಯಿಂದ ಬಿಸಿಲು ಅವಳ ತೋಳ ಮೇಲೆ ಬೀಳುತ್ತಿತ್ತು. ಕೊನೆಯ ತಿರುವಿನಲ್ಲಿ ಇಡೀ ಊರು ಕೆಳಗೆ ಬಿಚ್ಚಿಕೊಂಡಿತು, ಅದರಾಚೆ ನದಿ, ನದಿಯಾಚೆ ಬಯಲು. ಪೋಸ್ಟಮ್ಮ ಬೆಕ್ಕಸ ಬೆರಗಾದಳು. ತಾನು ದಿನವೂ ಇದರೊಳಗೇ ಓಡಾಡಿದೆನಲ್ಲ ಎಂದು ಕಣ್ಣು ತುಂಬಿಬಂತು.

ಬಾಗಿಲಲ್ಲಿ ತಂಗಿಯನ್ನು ಕಂಡು ಅಕ್ಕ ಗಲಿಬಿಲಿಗೊಂಡಳು.

“ಇವತ್ತು ಭಾನುವಾರಾನಾ? ಯಾರ ಜೊತೆ ಬಂದೆ?”

“ಒಬ್ಬಳೇ ಅಕ್ಕ. ಸೈಕಲ್ ತುಳ್ಕೊಂಡು.”

“ಈ ದಿಬ್ಬಾನ? ನೀನು?” ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು.

ಆಮೇಲೆ ರೂಢಿಯಂತೆ ಮಾತ್ರೆ, ಡಾಕ್ಟರು, ಸೊಂಟ ಎಲ್ಲ ಬಡಬಡ ಒಪ್ಪಿಸಿ ಬಾಗಿಲ ಕಡೆ ನೋಡಿದಳು.

“ಅಲ್ಲಿ ಯಾರೂ ಇಲ್ಲ ಕಣಕ್ಕ. ನಾನೇ ಬಂದೆ, ನನಗೆ ಬೇಕಾದಾಗ ಹೋಗ್ತೀನಿ.”

ಅಕ್ಕನ ಭುಜ ಸಡಿಲವಾಯಿತು. ಚಿಕ್ಕಂದಿನಲ್ಲಿ ಇಬ್ಬರೂ ಕಿತ್ತಾಡಿದ ಒಂದು ರಿಬ್ಬನ್ನಿನ ಕಥೆ ತೆಗೆದಳು. ಅದು ಯಾರದ್ದೆಂದು ಇತ್ಯರ್ಥವಾಗುವ ಮೊದಲೇ, ಮಾತಿನ ನಡುವೆಯೇ ನಿದ್ದೆಹೋದಳು. ಪೋಸ್ಟಮ್ಮ ಅವಳ ಕೈ ಹಿಡಿದು ಕೂತಿದ್ದಳು. ಗೋಡೆಯ ಬಿಸಿಲು ನೆಲಕ್ಕಿಳಿಯಿತು.

ಅಕ್ಕ ತಟ್ಟನೆ ಕಣ್ಣು ಬಿಟ್ಟಳು.

“ಇನ್ನೂ ಇದ್ದೀಯಾ!”

“ಇದ್ದೀನಿ.”

“ಹಾಗಾದ್ರೆ ಇನ್ನೊಂದು ಚೂರು ಮಲಗ್ತೀನಿ” ಎಂದು ಅಕ್ಕ ಮತ್ತೆ ಕಣ್ಣು ಮುಚ್ಚಿದಳು.