ಸಪ್ಪಳ ಮಾಡಬೇಡ ಎಂದವನು ನಾನು

ಕಾಕಾ, ಆ ರವಿವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ನಿಮ್ಮ ಮಗ ಶಿವಾನಂದನನ್ನು ಕಣಕುಂಬಿಯ ಕಾಡಿಗೆ ಕರೆದೊಯ್ದವನು ನಾನು. ಅವನು ನನ್ನನ್ನು ಕರೆದೊಯ್ಯಲಿಲ್ಲ. ಇಷ್ಟು ವರ್ಷ ನೀವು ನಂಬಿದ್ದು ಸುಳ್ಳು — ನಾನು ಹೇಳಿದ ಸುಳ್ಳು.

ಅವನು ಕಂಪ್ಯೂಟರಿನ ಮುಂದೆ ಒಬ್ಬನೇ ಕೂತು ಒಂದು ಆಟ ಕಟ್ಟುತ್ತಿದ್ದದ್ದು ನಿಮಗೆ ಗೊತ್ತು. ಅದೇನು ಆಟವೆಂದು ಮಾತ್ರ ಯಾರೂ ನಿಮಗೆ ಹೇಳಲಿಲ್ಲ. ಒಬ್ಬ ಹುಡುಗಿ ಕಾವಲುಗಾರರ ಕಣ್ಣು ತಪ್ಪಿಸಿ ಊರು ದಾಟಬೇಕು. ಕೈಯಲ್ಲಿ ಆಯುಧವಿಲ್ಲ. ಯಾವ ನೆರಳಿನಲ್ಲಿ ನಿಲ್ಲಬೇಕು, ಎಲ್ಲಿಗೆ ಕಲ್ಲೆಸೆದು ಯಾರನ್ನು ಅತ್ತ ತಿರುಗಿಸಬೇಕು — ಒಗಟು ಬಿಡಿಸಿದಂತೆ ಬಿಡಿಸುತ್ತ ಹೋಗಬೇಕು. ಹೆಜ್ಜೆ ಸಪ್ಪಳವಾದರೆ ಆಟ ಮುಗಿಯಿತು. ವಡಗಾವಿಯ ನಿಮ್ಮ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ, ಕಾಲೇಜಿನ ನಾವು ನಾಲ್ವರು ವಾರವಾರವೂ ಅದರ ಹೊಸ ಹಂತಕ್ಕೆ ಕಾಯುತ್ತಿದ್ದೆವು. ನನ್ನ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ.

ಕೊನೆಯ ಹಂತ ಕಾಡಿನದು. ಅಲ್ಲಿ ಅವನು ಎರಡು ತಿಂಗಳು ಸಿಕ್ಕಿಬಿದ್ದ. ಪ್ರಾಣಿಗೆ ಎಷ್ಟು ದೂರದಿಂದ ಕೇಳಿಸುತ್ತದೆ, ಅದು ಹೇಗೆ ತಿರುಗುತ್ತದೆ — ತಿಳಿಯದೆ ಮಾಡಲಾರೆ ಎಂದ. ನನಗೆ ತಡೆಯಲಾಗಲಿಲ್ಲ. ಕಣಕುಂಬಿಯಲ್ಲಿ ನಮ್ಮ ಮಾವನ ಮನೆಯಿದೆ, ನೋಡಿ ಬರೋಣ ನಡಿ ಎಂದೆ. ಅವನು ಬೇಡವೆಂದ, ಎರಡು ಸಲ ಬೇಡವೆಂದ.

ಮಾವನ ಮನೆಯಿಂದ ಕಾಡಿಗೆ ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದಳು: “ಕೆಮ್ಮಕೋತ, ಮಾತಾಡಕೋತ ಹೋಗ್ರಿ. ನೀವು ಬರೂದು ಕಾಡಕ್ವಾಣಕ್ಕ ಮೊದಲ ಗೊತ್ತಾಗಬೇಕು. ಕಳ್ಳರಂಗ ಹೋಗಬ್ಯಾಡ್ರಿ.”

“ಅದನ್ನ ಕಲ್ಯಾಕ ಬಂದೀವ್ರಿ ಅತ್ತಿ,” ಎಂದು ಶಿವಾನಂದ ನಕ್ಕ.

ಅಲ್ಲಿಯ ಮಂದಿ ಕಾಡಿನಲ್ಲಿ ನಡೆಯುವುದೇ ಹಾಗೆ, ಸದ್ದು ಮಾಡುತ್ತ. ಸುಳಿವು ಸಿಕ್ಕರೆ ಪ್ರಾಣಿ ತಾನೇ ಸರಿದುಹೋಗುತ್ತದೆ. ಮಂಜಿನೊಳಗೆ ಹೊಕ್ಕ ಮೇಲೆ ಶಿವಾನಂದ ಒಮ್ಮೆ ಕೆಮ್ಮಿದ, ನಗುತ್ತಲೇ. ನಾನು ಅವನ ತೋಳು ಹಿಡಿದೆ.

“ಸಪ್ಪಳ ಮಾಡಬ್ಯಾಡೋ. ಆಟದಾಗ ಹೆಂಗೋ ಹಂಗ.”

ಅವನು ತುದಿಗಾಲಿನಲ್ಲಿ ನಡೆಯತೊಡಗಿದ.

ಪೊದೆಯ ಹಿಂದಿನ ಕಪ್ಪು ಬೆನ್ನು ಮೊದಲು ಕಂಡದ್ದು ನನಗೆ. ಅವನು ನೆಲದ ಮೇಲಿನ ಗೊರಸಿನ ಗುರುತು ನೋಡುತ್ತ ಅತ್ತಲೇ ನಡೆಯುತ್ತಿದ್ದ. ಕೂಗಬಹುದಿತ್ತು. ಕೂಗಲಿಲ್ಲ. ಹೆದರಿಕೆಗೆ ದನಿ ಹೊರಡಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಆದರೆ — ಅದು ಯಾವಾಗ ತಿರುಗುತ್ತದೆಂದು ನಾನು ನೋಡುತ್ತಿದ್ದೆ. ನೋಡುತ್ತಿದ್ದೆ, ಕಾಕಾ. ತಿರುಗಿತು. ಅವನನ್ನು ಎತ್ತಿ ಒಗೆಯಿತು. ಆ ಉಸಿರು, ಮೂಳೆಯ ಆ ಸದ್ದು, ಈಗಲೂ...

ಬೆಳಗಾವಿಯ ಆಸ್ಪತ್ರೆಯಲ್ಲಿ ನೀವು ಕೇಳಿದಿರಿ: “ಖರೇ ಹೇಳಪಾ, ಇದು ಯಾರ ತಲ್ಯಾಗಿನ ವಿಚಾರ?”

“ಶಿವ್ಯಾನ ನನ್ನ ಕರಕೊಂಡು ಹೋದನ್ರಿ. ಆಟಕ್ಕ ಬೇಕಾಗಿತ್ತಂತ.”

ಮಂಚದ ಮೇಲಿದ್ದ ಅವನು ನನ್ನನ್ನೇ ನೋಡಿದ. ಅಲ್ಲವೆನ್ನಲಿಲ್ಲ. ಗೋಡೆಗೆ ಮುಖ ತಿರುಗಿಸಿದ.

ಅವನ ಬಲಗಾಲು ಇಂದಿಗೂ ನೆಟ್ಟಗಾಗಿಲ್ಲ. ಪ್ಲಾಸ್ಟರ್ ತೆಗೆದ ದಿನ ನೀವು ಆ ಕಂಪ್ಯೂಟರನ್ನು, ಆಟ ಒಳಗಿದ್ದಂತೆಯೇ, ರವಿವಾರ ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಬಂದಿರಿ. ಆಮೇಲೆ ಅವನು ಮತ್ತೇನನ್ನೂ ಕಟ್ಟಲಿಲ್ಲ. ಮರುದಿನ ನಾನು ಬಂದಾಗ ಅವನ ಅವ್ವ, ಕಾಕು, ಚಹಾ ಕೊಟ್ಟು, ಪೀಡೆ ಮನೆ ಬಿಟ್ಟು ಹೋಯಿತು, ಇಷ್ಟು ದಿನಗಳಲ್ಲಿ ನಿನ್ನೆಯೇ ನಾವು ಬೆಳತನಕ ಮಲಗಿದ್ದು ಎಂದರು. ಒಳಗಿನ ಕೋಣೆಯಲ್ಲಿ ಶಿವಾನಂದನಿದ್ದ.

“ಛಲೋ ಆತು ಬಿಡ್ರಿ ಕಾಕು,” ಎಂದೆ — ಅವನಿಗೆ ಕೇಳಿಸುವಂತೆ.