ಜೋಳಕ್ಕೆ ಕೊಡೆ ಹಿಡಿದವನು

ಅವನಿಗೊಂದು ಹೆಸರಿತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಎಲ್ಲರ ಬಾಯಲ್ಲೂ ಅವನು ಕೊಡೆ. ಸ್ವಲ್ಪ ಮರ್ಯಾದೆ ಇಟ್ಟುಕೊಂಡವರಿಗೆ ಕೊಡೆಯಣ್ಣ. ಬೆಳೆ ಸಂಶೋಧನಾ ಕೇಂದ್ರದಲ್ಲಿ ಅವನ ಕೆಲಸ, ಮೆಕ್ಕೆಜೋಳ ಮಳೆಯಲ್ಲಿ ನೆನೆಯದಂತೆ ನೋಡಿಕೊಳ್ಳುವುದು. ನಗಬೇಡಿ, ಇದಕ್ಕೂ ಸಂಬಳ ಕೊಡುತ್ತಾರೆ.

ಆ ಸೀಮೆಯಲ್ಲಿ ಮಳೆ ದೂರದ ನೆಂಟರಿದ್ದ ಹಾಗೆ. ಬರುತ್ತೇನೆ ಅಂತ ಹೇಳಿ ಕಳಿಸಿ ಕೈಕೊಡುವುದೇ ಹೆಚ್ಚು. ಎಲ್ಲರೂ ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಳ್ಳುವ ಜಾಗದಲ್ಲಿ, ಮೊದಲ ಹನಿ ಬಿದ್ದ ಕೂಡಲೇ ಎದ್ದುಬಿದ್ದು ಓಡಿ ಹೋಗಿ ಮಳೆಗೆ ಅಡ್ಡ ಹಾಕುವವನು ಇವನೊಬ್ಬ. ಪ್ರಯೋಗದ ತಾಕಿನ ಎರಡು ಅಂಚಿಗೂ ಹಳಿ ಹಾಕಿದ್ದರು. ಹಳಿಯ ಮೇಲೆ ಕಬ್ಬಿಣದ ಚಕ್ರ, ಚಕ್ರದ ಮೇಲೆ ಕಮಾನು, ಕಮಾನಿಗೆ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು. ಬಿಸಿಲಿದ್ದಾಗ ಈ ಚಾವಣಿ ತಾಕಿನ ಆಚೆ ಸುಮ್ಮನೆ ನಿಂತಿರುತ್ತದೆ. ಮಳೆ ಬಂದರೆ ಹಿಂದಿನಿಂದ ತಳ್ಳಿಕೊಂಡು ಬಂದು ಜೋಳದ ಮೇಲೆ ನಿಲ್ಲಿಸಬೇಕು, ಮಳೆ ನಿಂತರೆ ವಾಪಸು ತಳ್ಳಬೇಕು. "ಯಾವಾಗ್ಲೂ ಮುಚ್ಚೇ ಇಟ್ಬಿಡಬಾರದಾ?" ಅಂತ ಕೇಳದವರಿಲ್ಲ. ಅಲ್ಲಾ ಸ್ವಾಮಿ, ಗಾಳಿ ಬೇಡವೇ? ಮುಚ್ಚಿಟ್ಟರೆ ಜೋಳ ಹೊಲದಲ್ಲೇ ಬೆಂದು ಹೋಗುತ್ತದೆ.

ತಳ್ಳುವುದು ಅವನಿಗೆ ಹೊಸದೇನಲ್ಲ. ಚಿಕ್ಕ ವಯಸ್ಸಿನಲ್ಲಿ ಮಾರುಕಟ್ಟೆಯಲ್ಲಿ ಮೂಟೆ ಗಾಡಿ ತಳ್ಳಿದ. ಆಮೇಲೆ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದ. ಕಾಲು ಮುರಿದ ಗಂಡಸೊಬ್ಬನನ್ನು ಹೆರಿಗೆ ವಾರ್ಡಿನ ಒಳಗೇ ತಳ್ಳಿಕೊಂಡು ಹೋದ ದಿನ ಆ ಕೆಲಸ ಹೋಯಿತು. ಸಂಶೋಧನಾ ಕೇಂದ್ರದವರಿಗೆ ಗಾಲಿಯ ಮೇಲಿರುವುದನ್ನು ತಳ್ಳಿ ಅಭ್ಯಾಸವಿದ್ದವನು ಬೇಕಿತ್ತು. ಇಲ್ಲಿ ಹಳಿ ಇದ್ದದ್ದರಿಂದ ದಾರಿ ತಪ್ಪುವ ಭಯವೂ ಇರಲಿಲ್ಲ.

ತಾಕಿನ ಒಡತಿ ಅಂದರೆ ಮೇಡಂ. ದೊಡ್ಡ ಓದು ಓದಿದವರು, ಸಣ್ಣ ದನಿಯವರು. ಜೋಳದ ಅರ್ಧ ಸಾಲುಗಳಿಗೆ ಒಂದು ಹಾರ್ಮೋನು ಸಿಂಪಡಿಸಿ, ಇನ್ನರ್ಧಕ್ಕೆ ಬರೀ ನೀರು ಸಿಂಪಡಿಸಿ, ಮಳೆ, ನೀರಾವರಿ ಎರಡೂ ಇಲ್ಲದೆ ಯಾವುದು ತಡೆದುಕೊಳ್ಳುತ್ತದೆ ಅಂತ ನೋಡುವುದು ಅವರ ಕೆಲಸ. ಒಂದು ಸಲ ಕ್ವಾರ್ಟರ್ಸಿನಲ್ಲಿದ್ದ ಕೊಡೆಯ ಮನೆಗೆ ಟೀಗೆ ಬಂದಾಗ ಅವನ ಹೆಂಡತಿಗೂ ಬಿಡಿಸಿ ಹೇಳಿದರು. "ನೆಲದಲ್ಲಿ ನೀರು ಕಮ್ಮಿ ಆದ್ರೆ ಬೇರು ಈ ಹಾರ್ಮೋನು ತಯಾರು ಮಾಡಿ ಎಲೆಗೆ ಕಳಿಸುತ್ತೆ ಕಣಮ್ಮ. ಎಲೆ ಮೇಲೆ ಸಣ್ಣ ಸಣ್ಣ ಬಾಯಿ ಇರ್ತವೆ, ನೀರೆಲ್ಲ ಆವಿಯಾಗಿ ಹೋಗೋದು ಅಲ್ಲಿಂದ್ಲೇ. ಸುದ್ದಿ ಬಂದ ತಕ್ಷಣ ಬಾಯಿ ಮುಚ್ಕೊಳ್ತವೆ. ನಾವು ಆ ಸುದ್ದೀನ ಸ್ವಲ್ಪ ಮುಂಚೆನೇ ಕೊಡ್ತೀವಿ, ಅಷ್ಟೇ."

"ಡಬ್ಬಿ ತುಂಬ ಸಕ್ಕರೆ ಇರುವಾಗ್ಲೇ ಮುಗೀತಾ ಬಂತು ಅಂತ ಇವರಿಗೆ ಹೇಳ್ತೀನಲ್ಲ, ಅದೇ ತಾನೆ?" ಅಂದಳು ಹೆಂಡತಿ.

ಮೇಡಂ ಟೀ ಲೋಟ ಕೆಳಗಿಟ್ಟು, ಹೌದು, ಅದೇ ಅಂದರು. ಕೊಡೆ ಮಾತ್ರ ಡಬ್ಬಿಯ ಕಡೆ ನೋಡಿದ. ಮದುವೆಯಾದಾಗಿನಿಂದ ಸಪ್ಪೆ ಟೀ ಕುಡಿದ ಗುಟ್ಟು ಅವನಿಗೆ ಗೊತ್ತಾದದ್ದು ವಿಜ್ಞಾನದ ದಯೆಯಿಂದ.

ಇಷ್ಟಾದರೂ ಅವನಿಗೆ ತನ್ನ ಕೆಲಸದ ಬಗ್ಗೆ ನಾಚಿಕೆಯಿರಲಿಲ್ಲ. ಇದ್ದದ್ದು ಒಂದೇ ಸಂಕಟ, ಅದು ಮಾವನದು. ಮಾವ ಹಳೇ ಜೋಳದ ರೈತ, ಮಳೆ ನಂಬಿದ ಹೊಲ, ಖಡಕ್ ಮನುಷ್ಯ. ಅವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ಶಾಲೆಯ ಹೆಡ್ ಮಾಸ್ಟರು. ನಾಲ್ಕು ಜನ ಸೇರಿದ ಕಡೆ ಮಾವ ಅವನ ಹೆಗಲ ಮೇಲೆ ಕೈಯಿಟ್ಟು ಅವನ ಶಾಲೆ, ಅವನ ಕೈಕೆಳಗಿನ ಮೇಷ್ಟರುಗಳು, ಶಾಲೆಯ ಹೊಸ ಕಾಂಪೌಂಡು, ಎಲ್ಲ ವರ್ಣಿಸುತ್ತಿದ್ದರು. ಆಮೇಲೆ ಕೊಡೆಯ ಕಡೆ ತಿರುಗಿ, "ಹಾಂ, ಇವರೂ ಇದ್ದಾರೆ" ಅನ್ನುತ್ತಿದ್ದರು. ಅಷ್ಟೇ. ಇದ್ದಾನೆ ಅನ್ನುವುದಕ್ಕೆ ಮೀರಿ ಹೇಳುವಂಥದ್ದೇನೂ ಅವನಲ್ಲಿ ಅವರಿಗೆ ಕಂಡಿರಲಿಲ್ಲ. ಆ ಮಾತು ಅವನ ಎದೆಗೆ ಪ್ರತಿ ಸಲವೂ ನಾಟುತ್ತಿತ್ತು. ಒಂದೇ ಒಂದು ಸಲ ಮಾವ ತನ್ನನ್ನು ಒಂದು ಕೆಲಸದ ಹೆಸರು ಹಿಡಿದು ನಾಲ್ಕು ಜನಕ್ಕೆ ಹೇಳಲಿ ಅಂತ ಅವನಿಗೆ ಆಸೆ. ಅದಕ್ಕಿದ್ದ ದಾರಿ ಈ ತಾಕೊಂದೇ. ಔಷಧಿ ಕಂಡ ಸಾಲು ನೀರಿಲ್ಲದೆ ತೆನೆ ಕಟ್ಟಿ ತೋರಿಸಿದರೆ ಜೋಳದ ರೈತ ಅದನ್ನು ಕಂಡೂ ಕಾಣದ ಹಾಗೆ ಇರಲಾರ.

ಮಾವನೋ, ಬೇಲಿಯಾಚೆ ನಿಂತು ಆಡಿಕೊಳ್ಳುವುದರಲ್ಲೇ ಇದ್ದರು. ಮೊದಮೊದಲು ಹಾರ್ಮೋನು ಕಂಡ ಸಾಲು ಗಿಡ್ಡಗೆ, ಮಂಕಾಗಿ ಇತ್ತು. ಬರೀ ನೀರು ಕಂಡ ಸಾಲು ಎದೆಯುದ್ದ ಬೆಳೆದು ತೊನೆಯುತ್ತಿತ್ತು. "ಅಳಿಯಂದ್ರೇ, ಔಷಧಿ ಕುಡಿದದ್ದೇ ಸೊರಗ್ತಲ್ಲ!" ಅಂದರು. ಊರ ಕಡೆ ಮಳೆ ತಡವಾದರೆ, "ನಮ್ಮ ಅಳಿಯಂದಿರು ಅಡ್ಡ ನಿಂತಿದ್ದಾರೆ, ಅದೆಲ್ಲಿಂದ ಬರ್ಬೇಕು" ಅನ್ನುವುದು ಬೇರೆ. ನಾಲ್ಕಾರು ಜನ ಇದನ್ನು ನಿಜವೆಂದೇ ನಂಬಿ ಗೇಟಿಗೆ ಬಂದು ಕಾವಲುಗಾರನ ಹತ್ತಿರ ಜಗಳವಾಡಿ ಹೋಗಿದ್ದರು.

ಹೋದ ವರ್ಷ ಒಂದು ಮಳೆಗೆ ಚಕ್ರ ಕಚ್ಚಿಕೊಂಡು ತಾಕೆಲ್ಲ ನೆನೆದು, ಪ್ರಯೋಗ ಮಣ್ಣುಪಾಲಾಗಿತ್ತು. ಈ ಸಲವೂ ಹಾಗಾದರೆ ಚಾವಣಿ ಗುಜರಿಗೆ ಅಂತ ಮೇಲಿನವರು ಹೇಳಿಬಿಟ್ಟಿದ್ದರು. ಒಣ ಹವೆ ಹಿಡಿಯಿತು. ತೊನೆಯುತ್ತಿದ್ದ ಸಾಲುಗಳ ಎಲೆ ಸುರುಳಿ ಸುತ್ತಿಕೊಂಡಿತು. ಗಿಡ್ಡ ಸಾಲುಗಳು ಮಾತ್ರ ಹಸಿರಾಗಿಯೇ ಉಳಿದವು. ತೆನೆಯಲ್ಲಿ ಕಾಳು ಕಟ್ಟುವ ಹೊತ್ತು ಬಂತು. "ಈಗೊಂದು ಮಳೆ ಬಿತ್ತೋ, ಮಾಡಿದ್ದೆಲ್ಲ ನೀರಲ್ಲಿ ಹೋಮ ಕೊಡೆಯಣ್ಣ. ಹುಷಾರು" ಅಂತ ಹೇಳಿ ಮೇಡಂ ಪಟ್ಟಣಕ್ಕೆ ಮೀಟಿಂಗಿಗೆ ಹೋದರು.

ಆ ಭಾನುವಾರ ಮಾವ ಮಗಳ ಮನೆಗೆ ಊಟಕ್ಕೆ ಬಂದಿದ್ದರು. ಚಾವಣಿ ತಳ್ಳಲು ಜೊತೆಗಿರುತ್ತಿದ್ದ ಕಾವಲುಗಾರ ರಜೆ. ಕೈಯಲ್ಲಿ ತುತ್ತಿರುವಾಗ ಕಿಟಕಿಯ ಮೇಲೆ ಪಟಪಟ ಸದ್ದಾಯಿತು. ಮಾವ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋಗಿ, ಮುಖ ಮೇಲೆತ್ತಿ, "ಬಂದ್ಯಾ ಮಾರಾಯ!" ಅಂತ ಮಳೆಯನ್ನೇ ಮಾತಾಡಿಸಿದರು. ಕೊಡೆಯೂ ಎಂಜಲು ಕೈಯಲ್ಲೇ ಅವರನ್ನು ದಾಟಿ ಓಡಿದ, ತಾಕಿನ ಕಡೆಗೆ.

ಚಾವಣಿ ತಳ್ಳುವುದು ಇಬ್ಬರ ಕೆಲಸ. ಒಬ್ಬನೇ ಭುಜ ಕೊಟ್ಟ, ಬೆನ್ನು ಕೊಟ್ಟ. ಒಂದು ಮಾರು ಬಂದು ನಿಂತುಬಿಟ್ಟಿತು. ಕಾಲು ಸಡಿಲ ಮಣ್ಣಿನಲ್ಲಿ ಜಾರುತ್ತಿತ್ತು. ಹನಿ ಇನ್ನೂ ಬಿಡಿಬಿಡಿ, ಜೋರು ಮಳೆ ಗುಡ್ಡದ ಹತ್ತಿರ ಬಿಳಿಯ ಪರದೆಯಾಗಿ ಕಾಣುತ್ತಿತ್ತು. ಹಿಂದೆ ತಿರುಗಿದರೆ ಮಾವ. ತಮಾಷೆ ನೋಡಲು ಬಂದು ಬೇಲಿಯ ಹತ್ತಿರ ನೆನೆಯುತ್ತ ನಿಂತಿದ್ದರು.

"ಮಾವ, ಒಂದು ಕೈ ಹಾಕಿ!"

"ನಾನಾ? ತಿಂಗಳುಗಟ್ಲೆ ಕಾದು ಕಾದು ಈಗ ಬಂದಿದೆ. ಬಂದ ಮಳೇನ ಬೇಡ ಅಂತ ತಳ್ಳೋ ಪಾಪ ನಂಗೆ ಬೇಡಪ್ಪ."

ಕೊಡೆ ಯಾವತ್ತೂ ಮಾವನಿಗೆ ಎದುರು ಮಾತಾಡಿದವನಲ್ಲ. ಆ ಹೊತ್ತು ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ನಂಗೇನು ಖುಷೀನಾ ಮಾವ? ಪ್ರತಿ ಸಲ ಮುಚ್ಚುವಾಗ್ಲೂ ಹೊಟ್ಟೆ ಉರಿಯುತ್ತೆ. ಇದು ನಿಮ್ಮ ಹೊಲಕ್ಕೆ ಬರೋ ಮಳೆ ಅಲ್ಲ, ನಿಮ್ಮ ಹೊಲ ಆ ಗುಡ್ಡದ ಹತ್ರ ಚೆನ್ನಾಗಿ ನೆನೀತಿದೆ. ಇವತ್ತು ಇದೊಂದು ಒಣಗೇ ಉಳಿದ್ರೆ, ಮಳೆ ಕೈಕೊಟ್ಟ ವರ್ಷ ನಿಮ್ಮ ಜೋಳಾನ ಉಳಿಸ್ಕೊಳ್ಳೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಬೇಡ ಅಂದ್ರೆ ಬಿಡಿ. ನೋಡ್ತಾ ನಿಂತ್ಕೊಳ್ಳಿ."

ಮಾವ ಬೇಲಿ ದಾಟಿ ಬಂದರು, ಪಂಚೆ ಎತ್ತಿ ಕಟ್ಟಿದರು, ಕಬ್ಬಿಣಕ್ಕೆ ಭುಜ ಕೊಟ್ಟರು. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಚಕ್ರ ಕಿರ್ರೆಂದು ಕೂಗಿ ಹೊರಟಿತು. ಚಾವಣಿ ಕೊನೆ ಮುಟ್ಟುವುದಕ್ಕೂ ಗುಡ್ಡದ ಮಳೆ ಬಂದು ಶೀಟಿನ ಮೇಲೆ ಬೀಳುವುದಕ್ಕೂ ಸರಿಹೋಯಿತು.

ಇಬ್ಬರೂ ಹೊರಗೇ ನಿಂತು ತೊಯ್ದು ತೊಪ್ಪೆಯಾದರು. ಒಳಗೆ ಬನ್ನಿ ಮಾವ ಅಂದರೆ ಅವರು ಬರಲಿಲ್ಲ. ಶೀಟಿನ ಕೆಳಗೆ, ಎಲೆ ಸುತ್ತಿಕೊಂಡು ನಿಂತ ಸಾಲನ್ನೇ ನೋಡುತ್ತಿದ್ದರು. "ತಲೆ ಮೇಲೆ ಅಷ್ಟು ಸದ್ದು, ಬಾಯಿಗೆ ಒಂದು ಹನಿ ಇಲ್ಲ" ಅಂದರು. ಆಮೇಲೆ, "ನೀವು ದಿನಾ ಇದನ್ನ ನೋಡ್ತೀರಾ?" ಅಂತ ಕೇಳಿದರು. ಕೊಡೆ ಹೂಂ ಅಂದ. ಅವರ ಮುಖದ ಮೇಲಿದ್ದದ್ದು ಮಳೆಯೋ ಕಣ್ಣೀರೋ ಅಂತ ಅವನು ನೋಡಲು ಹೋಗಲಿಲ್ಲ. ಅವನದೇ ಅವನಿಗೆ ಸಾಕಾಗಿತ್ತು.

ಕೊಯ್ಲಿನ ದಿನ ಮಾವ ಕರೆಯದೆಯೇ ಬಂದರು. ನೀರು ಸಿಂಪಡಿಸಿದ ಸಾಲಿನ ತೆನೆ ಸುಲಿದರೆ ಹಲ್ಲುದುರಿದ ಮುದುಕನ ಬಾಯಿ, ಅಲ್ಲೊಂದು ಇಲ್ಲೊಂದು ಕಾಳು. ಗಿಡ್ಡ ಸಾಲಿನದು ತೆನೆ ಸಣ್ಣದೇ, ಆದರೆ ಬುಡದಿಂದ ತುದಿಯವರೆಗೂ ಕಾಳು ಒತ್ತಿಕೊಂಡು ಕೂತಿತ್ತು. ಮೇಡಂ ಕುಣಿಯಲಿಲ್ಲ. ಒಂದು ವರ್ಷದ್ದು ಸಾಲದು, ಇನ್ನೊಂದು ಸಲ ಮಾಡಿ ನೋಡಬೇಕು, ಔಷಧಿಯ ಖರ್ಚೂ ನೋಡಬೇಕು ಅಂದರು. ಮಾವ ಎರಡು ತೆನೆಯನ್ನೂ ಕೈಯಲ್ಲಿ ತೂಗಿ ನೋಡಿ, ಜೇಬಿಗೆ ಹಾಕಿಕೊಂಡರು. ಮೇಡಂ ಅವನ್ನು ಲೆಕ್ಕಕ್ಕೆ ಬೇಕು ಅಂತ ವಾಪಸು ಇಸಿದುಕೊಂಡರು.

ಅದಾಗಿ ಕೆಲವು ವಾರಕ್ಕೆ ನೆಂಟರೊಬ್ಬರ ಹೊಸ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಗುರುತಿಲ್ಲದ ಯಾರೋ ಬಂದು ಮಾವನನ್ನು ಮಾತಾಡಿಸಿದರು. ಹೆಡ್ ಮಾಸ್ಟರು ರೂಢಿಯಂತೆ ಹೆಗಲು ಮುಂದಕ್ಕೆ ತಂದ. ಮಾವನ ಕೈ ಅದನ್ನು ದಾಟಿ ಹೋಗಿ ಕೊಡೆಯ ಹೆಗಲ ಮೇಲೆ ಕೂತಿತು.

"ಇವರು ನಮ್ಮ ಎರಡನೇ ಅಳಿಯಂದಿರು. ಮಳೆ ಬಂದ್ರೆ ಇವರು ತಳ್ತಾರೆ. ಸುಲಭ ಅಂದ್ಕೋಬೇಡಿ, ಕರುಳು ಗಟ್ಟಿ ಬೇಕು. ಒಂದ್ಸಲ ನಾನೂ ತಳ್ಳಿದ್ದೀನಿ, ಗೊತ್ತು." ಚಾವಣಿ, ಚಕ್ರ, ಗಿಡ್ಡ ಸಾಲು, ಎಲೆಯ ಬಾಯಿ, ಮಗಳ ಸಕ್ಕರೆ ಡಬ್ಬಿ, ಒಂದೂ ಬಿಡದೆ ಹೇಳಿದರು. ಬಂದವರು ಹೋಗಲು ಎದ್ದಾಗ ಹಿರಿಯ ಅಳಿಯನ ನೆನಪಾಯಿತು.

"ಹಾಂ, ಇವರೂ ಇದ್ದಾರೆ."

ಕೊಡೆಗೆ ಆ ಮಾತು ಎಲ್ಲಿ ನಾಟುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಬೆಂಚಿನ ಮೇಲೆ ಸ್ವಲ್ಪ ಸರಿದು ಷಡ್ಡಕನಿಗೆ ಜಾಗ ಮಾಡಿಕೊಟ್ಟು, ಹೊಸ ಕಾಂಪೌಂಡು ಎಲ್ಲಿಯವರೆಗೆ ಬಂತು ಅಂತ ಕೇಳಿದ.